ಜಾಕಿಯ ಜಾಣ್ಮೆ, ಪಂಟರನ ಕಿಸೆ

ಉತ್ತರ ಕನ್ನಡದ ಹನ್ನೆರಡೂ ತಾಲೂಕು ಸುತ್ತಿದರೂ ಒಂದು ರೇಸ್‌ಕೋರ್ಸ್ ಸಿಗುವುದಿಲ್ಲ. ನಮಗೆ ಕುದುರೆ ರೇಸ್ ಎಂದರೆ ಬೆಂಗಳೂರು, ಮೈಸೂರು, ಹೆಚ್ಚೆಂದರೆ ಪುಣೆ, ಮುಂಬೈ. ಹಾಗಂತ ಈ ಕರಾವಳಿಗೆ ಕುದುರೆ ಹೊಸದೇನಲ್ಲ. ವಿಜಯನಗರದ ಲಾಯಗಳಿಗೆ ಹೋಗುತ್ತಿದ್ದ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಆ ವ್ಯಾಪಾರವನ್ನು ತಮ್ಮ ಕಡೆಗೆ ಎಳೆದುಕೊಳ್ಳಲು ಹೆಣಗಿದ್ದೂ ಅದರಲ್ಲಿದ್ದ ಲಾಭಕ್ಕಾಗಿಯೇ. ಈಗ ಇಲ್ಲಿಗೆ ಬರುವುದು ಕುದುರೆಯಲ್ಲ, ಮೊಬೈಲಿಗೆ ಟಿಪ್ಸು.

ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಬೆಂಗಳೂರಿನ ಬೇಸಿಗೆ ರೇಸ್ ಸೀಸನ್ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಾರವಾರದ ಬೈತಖೋಲ ಬಂದರಿನ ಪಕ್ಕದ ಚಾದಂಗಡಿಯಲ್ಲಿ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಬೋಟಿನಲ್ಲಿ ದುಡಿಯುವ ಒಬ್ಬ ಹುಡುಗ ನನಗೆ ತನ್ನ ಫೋನ್ ತೋರಿಸಿದ. ಅದರಲ್ಲಿದ್ದ ಮೆಸೇಜು: ‘ಇವತ್ತು 5ನೇ ರೇಸ್, 3ನೇ ನಂಬರ್. ಟಾಪ್ ಜಾಕಿ ಕೂತಿದ್ದಾನೆ. ಕಣ್ಮುಚ್ಚಿ ಹಾಕಿ.’ ಜಾಕಿ ಅಂದರೆ ರೇಸಿನಲ್ಲಿ ಕುದುರೆ ಓಡಿಸುವ ಸವಾರ. ಕುದುರೆಯ ಹೆಸರೇ ಇರಲಿಲ್ಲ. ಎಷ್ಟು ದೂರದ ಓಟ, ಎಷ್ಟು ತೂಕ ಹೊರಬೇಕು, ಭಾವ (ಗೆದ್ದರೆ ಒಂದು ರೂಪಾಯಿಗೆ ಎಷ್ಟು ಎಂಬ ದರ) ಎಷ್ಟಿದೆ, ಯಾವುದೂ ಇರಲಿಲ್ಲ.

‘ಮಾಸ್ತರ್ರೇ, ಓಸಿ ಆದ್ರೆ ನಸೀಬು. ಇದು ಹಂಗಲ್ಲ. ಯಾರು ಕೂತಿದ್ದಾರೆ ನೋಡಿ ಹಾಕೂದು. ಇದಕ್ಕೆ ತಲೆ ಬೇಕು’ ಅಂದ. ಓಸಿ ಎಂದರೆ ಮಟ್ಕಾ, ನಂಬರಿನ ಜೂಜು.

‘ಯಾರ ತಲೆ ಮಾರಾಯ? ಜಾಕೀದಾ, ನಿಂದಾ?’ ಅಂದೆ. ನಕ್ಕ. ಚಾ ಬಂತು, ಮಾತು ಬೇರೆ ಕಡೆ ಹೋಯಿತು.

ಆದರೆ ಪ್ರಶ್ನೆ ನಗೆಯದಲ್ಲ. ಕುದುರೆ ರೇಸಿನ ಸುತ್ತ ಈ ದೇಶದಲ್ಲಿ ನಡೆದಿರುವ ಕಾನೂನು, ತೆರಿಗೆ, ಜೂಜಿನ ಚರ್ಚೆಯೆಲ್ಲ ನಿಂತಿರುವುದು ಅದರ ಮೇಲೆಯೇ. ತಮಿಳುನಾಡು ಸರ್ಕಾರ 1974ರಲ್ಲಿ ರೇಸಿನ ಮೇಲೆ ಪಣ ಕಟ್ಟುವುದನ್ನೇ ನಿಷೇಧಿಸುವ ಕಾಯ್ದೆ ತಂದಿತ್ತು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಹೇಳಿದ್ದು ಇಷ್ಟು: ಕುದುರೆ ರೇಸ್ ಅದೃಷ್ಟದ ಆಟವಲ್ಲ, ಕೌಶಲದ ಆಟ. ಕುದುರೆಯ ವಂಶ, ಅದರ ತಾಲೀಮು, ಜಾಕಿಯ ಚಾತುರ್ಯ ಇವೆಲ್ಲ ಫಲಿತಾಂಶವನ್ನು ತೀರ್ಮಾನಿಸುತ್ತವೆ. ಪಣ ಕಟ್ಟುವವನು ಇವನ್ನೆಲ್ಲ ತೂಗಿ ನೋಡುತ್ತಾನೆ. ಹಾಗಾಗಿ ಅದು ಜೂಜಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಜೂಜಿಗೆ ತಡೆ ಹಾಕಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗಲೂ ರೇಸ್‌ಕೋರ್ಸಿನ ಪಣವನ್ನು ಅದರಿಂದ ಹೊರಗಿಟ್ಟಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು, ಅದು ಬೇರೆ ಕತೆ.

ಈ ತರ್ಕದಲ್ಲಿ ಎರಡು ಬೇರೆ ಬೇರೆ ಕೌಶಲಗಳಿವೆ. ಒಂದು ಕುದುರೆಯ ಬೆನ್ನ ಮೇಲಿರುವ ಜಾಕಿಯದು, ಇನ್ನೊಂದು ಕಿಸೆಯಿಂದ ದುಡ್ಡು ತೆಗೆದು ಪಣ ಕಟ್ಟುವ ಪಂಟರನದು. ಮೊದಲನೆಯದು ಇದೆ, ಅದನ್ನು ಅಳೆಯಲೂಬಹುದು. ಆದರೆ ಅದು ಇದೆ ಅಂದಮಾತ್ರಕ್ಕೆ ಎರಡನೆಯದು ತಾನಾಗಿ ಬರುವುದಿಲ್ಲ. ಟಿಪ್ಸ್ ಮಾರುವವರ ಧಂಧೆ ನಡೆಯುವುದೇ ಇವೆರಡನ್ನೂ ಒಂದೇ ಎಂದು ನಂಬಿಸುವುದರಿಂದ.

ಮೊದಲು ಜಾಕಿಯ ಕೆಲಸ ನೋಡೋಣ. ರೇಸಿನಲ್ಲಿ ಓಡುವ ಥರೋಬ್ರೆಡ್ ತಳಿಯ ಕುದುರೆಯ ತೂಕ 450ರಿಂದ 500 ಕಿಲೋ, ಜಾಕಿಯದು ಅದರ ಒಂಬತ್ತನೇ, ಹತ್ತನೇ ಒಂದು ಪಾಲು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಪ್ರಾಣಿಯನ್ನು ಬಲದಿಂದ ಆಳಲಾಗದು. ಜಾಕಿಗೆ ಇರುವುದು ಸಮತೋಲ, ಸಮಯ, ಜಾಗ ಈ ಮೂರೇ.

ಸಮತೋಲದ ಕತೆ ಸ್ವಾರಸ್ಯವಾಗಿದೆ. ಹತ್ತೊಂಬತ್ತನೇ ಶತಮಾನದ ಬಹುಭಾಗ ಜಾಕಿಗಳು ಕಾಲು ನೀಡಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಶತಮಾನದ ಕೊನೆಯಲ್ಲಿ ಅಮೆರಿಕದ ಟಾಡ್ ಸ್ಲೋನ್ ಇಂಗ್ಲೆಂಡಿಗೆ ಹೋಗಿ, ಕಾಲಿಡುವ ರಿಕಾಪನ್ನು ಗಿಡ್ಡ ಮಾಡಿ, ಮೊಣಕಾಲು ಮಡಚಿ, ಕುದುರೆಯ ಕುತ್ತಿಗೆಯ ಮೇಲೆ ಬಾಗಿ ಓಡಿಸಿದಾಗ ಅಲ್ಲಿಯವರು ಮಂಗನ ಭಂಗಿ ಎಂದು ನಕ್ಕರು. ಆಮೇಲೆ ಎಲ್ಲರೂ ಅದನ್ನೇ ಕಲಿತರು. 2009ರಲ್ಲಿ ಬ್ರಿಟನ್ನಿನ ಸಂಶೋಧಕರು ಇದರ ಲೆಕ್ಕ ತೆಗೆದರು. ಹೀಗೆ ಬಾಗಿದ ಜಾಕಿ ತನ್ನ ಮೊಣಕಾಲುಗಳಲ್ಲೇ ಕುದುರೆಯ ಕುಲುಕಾಟವನ್ನು ನುಂಗಿಕೊಳ್ಳುತ್ತಾನೆ. ಕುದುರೆ ಅವನ ಭಾರವನ್ನು ಹೊರುತ್ತದೆ ನಿಜ, ಆದರೆ ಪ್ರತಿ ನೆಗೆತಕ್ಕೂ ಅವನನ್ನು ಎತ್ತಿ ಇಳಿಸುವ ಶ್ರಮ ಅದಕ್ಕೆ ತಪ್ಪುತ್ತದೆ. ಈ ಭಂಗಿ ಬಂದ ಕಾಲದಲ್ಲಿ ಓಟದ ಸಮಯ ಶೇ 5ರಿಂದ 7ರಷ್ಟು ಸುಧಾರಿಸಿತ್ತು. ಕುದುರೆ ತಳಿಯಲ್ಲಿ ಅಷ್ಟು ಬೇಗ ಅಂಥ ಬದಲಾವಣೆ ಆಗಲಾರದು.

ಇನ್ನು ಜಾಗ. ರೇಸ್‌ಟ್ರ್ಯಾಕಿನ ತಿರುವು ಅರ್ಧ ವೃತ್ತ ಎಂದಿಟ್ಟುಕೊಳ್ಳಿ. ಒಳಗಿನ ರೇಲಿಂಗಿನಿಂದ ಒಂದು ಮೀಟರ್ ಹೊರಗೆ ಓಡಿದ ಕುದುರೆ ಆ ತಿರುವಿನಲ್ಲಿ 3.14 ಮೀಟರ್ ಹೆಚ್ಚು ಓಡಬೇಕು. ಇದು ಹೈಸ್ಕೂಲಿನ ಗಣಿತ. ಒಂದು ಕುದುರೆಯ ಉದ್ದ ಸುಮಾರು 2.4 ಮೀಟರ್. ಅಂದರೆ ಒಂದೇ ಮೀಟರ್ ಹೊರಗೆ ಹೋಗಿದ್ದಕ್ಕೆ ಒಂದು ಉದ್ದಕ್ಕಿಂತ ಹೆಚ್ಚು ದಂಡ. ಮೂರು ಕುದುರೆಗಳ ಹೊರಗೆ ಸಿಕ್ಕಿಬಿದ್ದವನ ಗತಿ ನೀವೇ ಊಹಿಸಿ. ಹಾಗಂತ ಒಳಗೇ ಅಂಟಿಕೊಂಡರೆ ಮುಂದಿನ ಕುದುರೆ ಸೋತು ನಿಧಾನವಾದಾಗ ಹೊರಬರಲು ದಾರಿ ಇರುವುದಿಲ್ಲ. ಯಾವ ಕುದುರೆ ಯಾವಾಗ ಕೈಬಿಡುತ್ತದೆ ಎಂದು ಮೊದಲೇ ಅಂದಾಜಿಸುವವನೇ ಗೆಲ್ಲುವ ಜಾಕಿ. ನಮ್ಮ ಕಡೆ ಬೋಟು ನಡೆಸುವ ತಾಂಡೇಲನ ವಿಷಯದಲ್ಲಿ ಹೇಳುವ ಮಾತೇ ಇದು: ಬೋಟು ಒಂದೇ, ಎಂಜಿನ್ ಒಂದೇ, ಬಲೆಯೂ ಒಂದೇ, ಆದರೂ ಒಬ್ಬನ ಬೋಟು ತುಂಬಿ ಬರುತ್ತದೆ, ಇನ್ನೊಬ್ಬನದು ಡೀಸೆಲ್ ಸುಟ್ಟು ಬರುತ್ತದೆ.

ಸಮಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಘಟನೆ ಸಾಕು. 1957ರ ಕೆಂಟಕಿ ಡರ್ಬಿಯಲ್ಲಿ ಅಮೆರಿಕದ ಅತಿ ದೊಡ್ಡ ಜಾಕಿಗಳಲ್ಲಿ ಒಬ್ಬನಾದ ಬಿಲ್ ಶೂಮೇಕರ್, ಗ್ಯಾಲಂಟ್ ಮ್ಯಾನ್ ಎಂಬ ಕುದುರೆಯ ಮೇಲಿದ್ದ. ಗುರಿಗಂಬ ಬಂತೆಂದು ತಪ್ಪು ತಿಳಿದು ಒಂದು ಕ್ಷಣ ರಿಕಾಪಿನ ಮೇಲೆ ಎದ್ದು ನಿಂತ. ಮೂಗಿನಳತೆಯಲ್ಲಿ ಸೋತ. ಜಾಕಿಯ ಪ್ರಭಾವವೇ ಇಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ಈ ಜಾಣ್ಮೆ ಎಷ್ಟು ದೊಡ್ಡದು? ರೇಸಿನವರೇ ಅದಕ್ಕೊಂದು ಬೆಲೆ ಕಟ್ಟಿದ್ದಾರೆ. ಹೊಸ ಜಾಕಿಗಳಿಗೆ ಅಂದರೆ ಅಪ್ರೆಂಟಿಸರಿಗೆ ತೂಕದಲ್ಲಿ ರಿಯಾಯಿತಿ ಇರುತ್ತದೆ. ಬ್ರಿಟನ್ನಿನ ನಿಯಮದಲ್ಲಿ ಮೊದಲ 20 ಗೆಲುವಿನವರೆಗೆ 7 ಪೌಂಡ್, ಅಂದರೆ ಸುಮಾರು 3.2 ಕಿಲೋ ಕಡಿಮೆ. ಅನುಭವಿಯ ವಿರುದ್ಧ ಹೊಸಬನನ್ನು ಸಮಕ್ಕೆ ತರಲು ಅಷ್ಟು ಬೇಕು ಎಂಬುದು ಅಲ್ಲಿಯ ಅಂದಾಜು. ಒಂದು ಮೈಲಿಯ ಓಟದಲ್ಲಿ 2 ಪೌಂಡಿಗೆ ಒಂದು ಉದ್ದ ಎಂಬುದು ಕುದುರೆಗಳು ಹೊರುವ ತೂಕ ನಿಗದಿ ಮಾಡುವ ಹ್ಯಾಂಡಿಕ್ಯಾಪರ್‌ಗಳ ಸ್ಥೂಲ ಲೆಕ್ಕ. ಹಾಗಾದರೆ 7 ಪೌಂಡ್ ಎಂದರೆ ಮೂರೂವರೆ ಉದ್ದ, 8 ಮೀಟರ್ ಚಿಲ್ಲರೆ, ಸುಮಾರು ಅರ್ಧ ಸೆಕೆಂಡ್. 1,600 ಮೀಟರಿನಲ್ಲಿ ಅದು ಶೇ ಅರ್ಧದಷ್ಟು!

ಇಷ್ಟೇನಾ ಅನ್ನಿಸಬಹುದು. ಆದರೆ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಒಳ್ಳೆಯ ಕುದುರೆಗೆ ಸೀಸದ ತುಂಡು ಹೇರಿ, ಬಡ ಕುದುರೆಗೆ ಭಾರ ಇಳಿಸಿ, ಎಲ್ಲವನ್ನೂ ಒಂದೇ ಸಾಲಿಗೆ ತರುವುದೇ ಉದ್ದೇಶ. ಹಾಗೆ ಸಮ ಮಾಡಿದ ಕುದುರೆಗಳ ನಡುವೆ ಗೆಲುವು ಸೋಲು ನಿಲ್ಲುವುದು ಆ ಅರ್ಧ ಸೆಕೆಂಡಿನ ಒಳಗೇ. ಮೇಲಾಗಿ ಈ ಲೆಕ್ಕ ಹೊಸಬನಿಗೂ ಪಳಗಿದವನಿಗೂ ಇರುವ ಅಂತರದ್ದು. ಪಳಗಿದ ಇಬ್ಬರ ನಡುವಿನ ಅಂತರ ಇನ್ನೂ ಕಡಿಮೆ. ಬಾಗಿದ ಭಂಗಿಯನ್ನು ಎಲ್ಲರೂ ಕಲಿತ ಮೇಲೆ ಅದರಿಂದ ಯಾರಿಗೂ ಪ್ರತ್ಯೇಕ ಲಾಭ ಉಳಿಯಲಿಲ್ಲವಲ್ಲ, ಹಾಗೆಯೇ ಜಾಕಿಗಳ ಸರಾಸರಿ ಮಟ್ಟ ಏರಿದಷ್ಟೂ ಅವರ ನಡುವಿನ ವ್ಯತ್ಯಾಸ ಸಣ್ಣದಾಗುತ್ತದೆ.

ಹಾಗಿದ್ದರೆ ಕೆಲವು ಜಾಕಿಗಳು ಯಾಕೆ ಅಷ್ಟೊಂದು ಗೆಲ್ಲುತ್ತಾರೆ? ಪೆಸಿ ಶ್ರಾಫ್ ತನ್ನ ಕಾಲದಲ್ಲಿ, ಸೂರಜ್ ನರೇಡು ಈಚಿನ ವರ್ಷಗಳಲ್ಲಿ, ಭಾರತದ ರೇಸುಗಳಲ್ಲಿ ಗೆದ್ದ ಗೆಲುವು ಬರಿಯ ಅರ್ಧ ಸೆಕೆಂಡಿನ ಮಾತಾಗಿ ಕಾಣುವುದಿಲ್ಲ. ಕಾರಣ ಸರಳ: ಒಳ್ಳೆಯ ಜಾಕಿಗೆ ಒಳ್ಳೆಯ ಕುದುರೆ ಸಿಗುತ್ತದೆ. ಟ್ರೇನರ್ ತನ್ನ ಗೆಲ್ಲುವ ಕುದುರೆಯ ಮೇಲೆ ಗೆಲ್ಲುವವನನ್ನೇ ಕೂರಿಸುತ್ತಾನೆ. ಅವನು ಗೆಲ್ಲುತ್ತಾನೆ, ಮುಂದಿನ ಒಳ್ಳೆಯ ಕುದುರೆಯೂ ಅವನಿಗೇ ಬರುತ್ತದೆ. ಪೇಪರಿನಲ್ಲಿ ಬರುವ ಗೆಲುವಿನ ಪಟ್ಟಿಯಲ್ಲಿ ಜಾಕಿಯ ಪಾಲೆಷ್ಟು, ಕುದುರೆಯ ಪಾಲೆಷ್ಟು ಎಂದು ಬಿಡಿಸಿ ಬರೆದಿರುವುದಿಲ್ಲ.

ಬಿಡಿಸುವ ಒಂದು ದಾರಿ ಇದೆ. ಒಬ್ಬ ಜಾಕಿ 100 ಸವಾರಿಯಲ್ಲಿ 22 ಗೆದ್ದ ಅಂದುಕೊಳ್ಳಿ. ಆ ನೂರು ಕುದುರೆಗಳ ಮೇಲಿದ್ದ ಭಾವದ ಪ್ರಕಾರ ಅವು 24 ಗೆಲ್ಲಬೇಕಿತ್ತು. ಇನ್ನೊಬ್ಬ 100ರಲ್ಲಿ 8 ಗೆದ್ದ, ಭಾವ ಹೇಳಿದ್ದು 6. ಪೇಪರಿನಲ್ಲಿ ಮೊದಲಿನವನದೇ ಫೋಟೋ. ಪಣ ಕಟ್ಟುವವನಿಗೆ ದುಡ್ಡು ತಂದುಕೊಟ್ಟವನು ಮಾತ್ರ ಎರಡನೆಯವನು. ಅದೂ ನೂರು ಸವಾರಿಯಲ್ಲಿ ಎರಡು ಗೆಲುವಿನ ಏರುಪೇರು ಬರೀ ಕಾಕತಾಳೀಯವೂ ಆಗಬಹುದು. ಖಾತ್ರಿಯಾಗಬೇಕಾದರೆ ಸಾವಿರಾರು ಸವಾರಿಗಳ ಲೆಕ್ಕ ಬೇಕು. ಚಾದಂಗಡಿಯಲ್ಲಿ ‘ಅಂವ ಈಗ ಫಾರ್ಮಿನಲ್ಲಿದ್ದಾನೆ’ ಎನ್ನುವ ಮಾತಿಗೆ ಆಧಾರ ಹೋದ ವಾರದ ನಾಲ್ಕು ರೇಸು.

ಈಗ ಭಾವದ ವಿಷಯಕ್ಕೆ ಬರೋಣ, ಯಾಕೆಂದರೆ ಇಡೀ ಗೊಂದಲದ ಗಂಟು ಇಲ್ಲಿದೆ. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣ ಒಂದೇ ಗಂಟಿಗೆ ಬೀಳುತ್ತದೆ. ಕ್ಲಬ್ ತನ್ನ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಇದು 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಏರ್ಪಾಡು. ಇದರಲ್ಲಿ ನಿಮಗೆ ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕುದುರೆಯೂ ಅಲ್ಲ, ಜಾಕಿಯೂ ಅಲ್ಲ. ಅದೇ ಕುದುರೆಯ ಮೇಲೆ ಇನ್ನೆಷ್ಟು ಜನ ಹಾಕಿದ್ದಾರೆ ಎಂಬುದು. ಬುಕ್ಕಿಯ ಬಳಿ ಭಾವ ಮೊದಲೇ ಗೊತ್ತಿರುತ್ತದೆ, ಆದರೆ ಹಣದ ಒತ್ತಡ ಬಂದಂತೆ ಅವನೂ ಇಳಿಸುತ್ತಾನೆ. ಅಂದರೆ ದೊಡ್ಡ ಜಾಕಿಯ ಹೆಸರು ಎಲ್ಲರಿಗೂ ಗೊತ್ತಿರುವುದರಿಂದ ಅವನ ಜಾಣ್ಮೆಯ ಬೆಲೆ ಭಾವದೊಳಗೆ ಆಗಲೇ ಸೇರಿಹೋಗಿರುತ್ತದೆ. ಎಷ್ಟೋ ಸಲ ಬೆಲೆಗಿಂತ ಹೆಚ್ಚೇ ಸೇರಿರುತ್ತದೆ.

ಇದಕ್ಕೆ 1996ರ ಸೆಪ್ಟೆಂಬರ್ 28ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಂಗ್ಲೆಂಡಿನ ಆಸ್ಕಟ್‌ನಲ್ಲಿ ಅಂದು ಏಳು ರೇಸ್. ಫ್ರಾಂಕಿ ಡೆಟ್ಟೋರಿ ಎಂಬ ಜಾಕಿ ಮೊದಲ ಆರನ್ನೂ ಗೆದ್ದ. ಏಳನೆಯದರಲ್ಲಿ ಅವನು ಫುಜಿಯಾಮಾ ಕ್ರೆಸ್ಟ್ ಎಂಬ ಕುದುರೆಯ ಮೇಲಿದ್ದ. ಎರಡು ಮೈಲಿಯ ಹ್ಯಾಂಡಿಕ್ಯಾಪ್, ಎಲ್ಲರಿಗಿಂತ ಹೆಚ್ಚು ತೂಕ ಅದರ ಮೇಲೆ. ಬೆಳಿಗ್ಗೆ ಅದರ ಭಾವ ಒಂದಕ್ಕೆ ಹನ್ನೆರಡು. ಅಂದರೆ ಅದು ಗೆಲ್ಲುವ ಸಾಧ್ಯತೆ ಶೇ 8ಕ್ಕಿಂತ ಕಡಿಮೆ ಎಂದು ಮಾರುಕಟ್ಟೆ ಎಣಿಸಿತ್ತು. ಆರು ಗೆಲುವಿನ ಹುಚ್ಚು ಹೊಳೆಯಲ್ಲಿ ಜನ ಅವನ ಹೆಸರಿನ ಮೇಲೆ ದುಡ್ಡು ಸುರಿದರು. ಬುಕ್ಕಿಗಳು ಭಾವ ಇಳಿಸುತ್ತಲೇ ಹೋದರು. ಓಟ ಶುರುವಾಗುವಾಗ ಅದು ಒಂದಕ್ಕೆ ಎರಡು. ಅಂದರೆ ಶೇ 33. ಬೆಳಗಿನಿಂದ ಸಂಜೆಯ ತನಕ ಕುದುರೆಯ ಕಾಲು ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ, ಜಾಕಿಯೂ ಬೆಳಗಿನವನೇ. ಬದಲಾದದ್ದು ಜನರ ಉಮೇದು.

ಆ ಕುದುರೆ ಗೆದ್ದೂ ಬಿಟ್ಟಿತು! ಏಳೂ ಗೆಲ್ಲುತ್ತಾನೆಂದು ಬೆಳಿಗ್ಗೆಯೇ ಸರಪಳಿ ಪಣ ಕಟ್ಟಿದವರಿಗೆ ಸಿಕ್ಕಿದ್ದು ಒಂದಕ್ಕೆ 25,000ಕ್ಕೂ ಹೆಚ್ಚಿನ ಭಾವ. ಬ್ರಿಟನ್ನಿನ ಬುಕ್ಕಿಗಳು ಕೋಟಿಗಟ್ಟಲೆ ಪೌಂಡ್ ಕಳೆದುಕೊಂಡರು. ಈ ಕತೆಯನ್ನು ಜಾಕಿಯ ಮಹಿಮೆಗೆ ಸಾಕ್ಷಿಯಾಗಿ ಹೇಳುವವರೇ ಹೆಚ್ಚು. ನನಗೆ ಕಾಣುವುದು ಬೇರೆ. ಅದೇ ಕುದುರೆ, ಅದೇ ಜಾಕಿ, ಅದೇ ಗೆಲುವು. ಬೆಳಿಗ್ಗೆ ನೂರು ಹಾಕಿದವನಿಗೆ ಲಾಭ 1,200, ಕೊನೆಗೆ ನೂರು ಹಾಕಿದವನಿಗೆ 200. ಜಾಕಿ ಇಬ್ಬರಿಗೂ ಸಮನಾಗಿಯೇ ಓಡಿಸಿದ. ‘ಟಾಪ್ ಜಾಕಿ ಕೂತಿದ್ದಾನೆ’ ಎಂಬ ಮೆಸೇಜು ಸಾವಿರ ಜನರ ಫೋನಿಗೆ ಬಂದ ಮೇಲೆ ಹಾಕುವವನು ಯಾವಾಗಲೂ ಎರಡನೇ ಗುಂಪಿನವನು. ಎಲ್ಲರೂ ಒಪ್ಪಿ ಮೇಲಿಟ್ಟ ಫೇವರಿಟ್ ಕುದುರೆಗಳೂ ಸ್ಥೂಲವಾಗಿ ಮೂರರಲ್ಲಿ ಒಂದು ಸಲವಷ್ಟೇ ಗೆಲ್ಲುತ್ತವೆ.

ಪಣ ಕಟ್ಟುವುದರಲ್ಲಿ ಕೌಶಲವೇ ಇಲ್ಲ ಎನ್ನಲಾರೆ. ಅಮೆರಿಕದ ಬಿಲ್ ಬೆಂಟರ್ 1980ರ ದಶಕದಲ್ಲಿ ಹಾಂಗ್‌ಕಾಂಗಿಗೆ ಹೋಗಿ ಕಂಪ್ಯೂಟರ್ ಲೆಕ್ಕದಿಂದ ರೇಸಿನಲ್ಲಿ ಅಪಾರ ಹಣ ಮಾಡಿದ. ಅವನ ಲೆಕ್ಕದಲ್ಲಿ ಜಾಕಿ ಹತ್ತಾರು ಅಂಶಗಳಲ್ಲಿ ಒಂದು ಮಾತ್ರ. ಅವನು ಕಂಡುಕೊಂಡ ಗುಟ್ಟೇನೆಂದರೆ, ತನ್ನ ಲೆಕ್ಕದ ಜೊತೆ ಜನರು ಕಟ್ಟಿದ ಭಾವವನ್ನೂ ಸೇರಿಸಿದರೆ ಮಾತ್ರ ಅಂದಾಜು ಸರಿಬರುತ್ತಿತ್ತು. ತನಗೆ ಗೊತ್ತಿಲ್ಲದ ಸಂಗತಿಗಳು ಜನಕ್ಕೆ ಗೊತ್ತಿರುತ್ತಿದ್ದವು. ಪಂಟರನ ಕೌಶಲ ಎಂದರೆ ಗೆಲ್ಲುವ ಕುದುರೆ ಹುಡುಕುವುದಲ್ಲ, ಜನ ಬೆಲೆ ತಪ್ಪಿದ ಕುದುರೆ ಹುಡುಕುವುದು. ಅದಕ್ಕೆ ವರ್ಷಗಟ್ಟಲೆ ದಾಖಲೆ, ದೊಡ್ಡ ಬಂಡವಾಳ, ಸೋಲು ತಡೆಯುವ ತಾಕತ್ತು ಬೇಕು. ನಮ್ಮ ಕೋರ್ಟು ಕೌಶಲ ಎಂದದ್ದು ಇದನ್ನಾದರೆ ಒಪ್ಪೋಣ, ಆದರೆ ಟಿಕೆಟ್ ಕಿಟಕಿಯ ಮುಂದೆ ನಿಂತವರಲ್ಲಿ ಅದು ಎಷ್ಟು ಜನರಿಗಿದೆ?

ಇದ್ದವರಿಗೂ ಈಗ ಕಾಲ ಕೆಟ್ಟಿದೆ. ಬೆಂಟರ್ ಆಡಿದ ಹಾಂಗ್‌ಕಾಂಗಿನಲ್ಲಿ ಮೊದಲು ಬರುವ ಕುದುರೆಯ ಮೇಲೆ ಕಟ್ಟುವ ವಿನ್ ಪಣದ ಗಂಟಿನಿಂದ ಮುರಿದುಕೊಳ್ಳುವುದು ಶೇ 17.5. ನಮ್ಮಲ್ಲಿ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಹಾಕುವ ನಿಯಮ ಬಂದಾಗ, ತೆರಿಗೆ ಕ್ಲಬ್ಬಿನ ಕಮಿಷನ್ ಮೇಲಷ್ಟೇ ಇರಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ಅದನ್ನು ರದ್ದು ಮಾಡಿತ್ತು. ಆದರೆ 2023ರ ಅಕ್ಟೋಬರ್ 1ರಿಂದ ಕಾಯ್ದೆಯನ್ನೇ ತಿದ್ದಿ ಪೂರ್ತಿ ಮೊತ್ತಕ್ಕೆ ಶೇ 28 ಎಂದಾಯಿತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಅಂದರೆ 100 ರೂಪಾಯಿಯ ಪಣಕ್ಕೆ ಕಿಸೆಯಿಂದ ಹೋಗುವುದು 140. ಕ್ಲಬ್ ಒಂದು ಪೈಸೆ ಕಮಿಷನ್ ತೆಗೆಯದಿದ್ದರೂ ಸರಾಸರಿಯಲ್ಲಿ 140ಕ್ಕೆ 100 ವಾಪಸು. ಬರೀ ಅಸಲು ಉಳಿಸಿಕೊಳ್ಳಬೇಕಾದರೂ ನೀವು ಉಳಿದೆಲ್ಲ ಪಂಟರುಗಳಿಗಿಂತ ಶೇ 40ರಷ್ಟು ಜಾಣರಾಗಿರಬೇಕು. ಗೆದ್ದ ಮೊತ್ತ 10,000 ರೂಪಾಯಿ ದಾಟಿದರೆ ಅಲ್ಲೇ ಶೇ 30 ಆದಾಯ ತೆರಿಗೆ ಮುರಿಯುತ್ತಾರೆ, ಬೇರೆ ದಿನ ಸೋತದ್ದನ್ನು ಅದರಿಂದ ಕಳೆಯಲು ಬರುವುದಿಲ್ಲ. ಜಾಕಿಯ ಜಾಣ್ಮೆ ಕೊಡುವ ಶೇ ಅರ್ಧದ ಅನುಕೂಲವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ.

ಕೌಶಲ, ಅದೃಷ್ಟ ಎಂಬ ಗೆರೆಯನ್ನು ಸರ್ಕಾರವೇ ಅಳಿಸುತ್ತಿದೆ ಅನ್ನಿಸುವುದು ಇದರಿಂದಲೇ. ಲಾಟರಿ, ಕ್ಯಾಸಿನೊ, ರೇಸ್ ಮೂರಕ್ಕೂ ಈಗ ಒಂದೇ ತೆರಿಗೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅದು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ನಿಷೇಧಿಸುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಅರ್ಧ ನ್ಯಾಯವಿದೆ. ಆಡುವವನ ನಷ್ಟ ನೋಡಿದರೆ ಗೆರೆಗೆ ಅರ್ಥವಿಲ್ಲ ನಿಜ. ಆದರೆ ಕ್ಲಬ್ಬಿನ ಕಿಟಕಿಯಲ್ಲಿ 140 ಕೊಡಬೇಕಾದ ಕಡೆ, ಫೋನಿನಲ್ಲಿ ಅದೇ ಪಣಕ್ಕೆ 100 ಸಾಕು ಎನ್ನುವ ಕಳ್ಳ ಬುಕ್ಕಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಯಾರೂ ಕೊಡಲಾರರು.

ಆ ಕಳ್ಳ ಬುಕ್ಕಿ ಬಂದಲ್ಲಿ ಜಾಕಿಯ ಕೌಶಲದ ಇನ್ನೊಂದು ಮುಖ ಕಾಣುತ್ತದೆ. ಇದನ್ನು ರೇಸಿನ ಅಭಿಮಾನಿಗಳು ಜೋರಾಗಿ ಹೇಳುವುದಿಲ್ಲ. ಜಾಕಿ ಎಷ್ಟೇ ಜಾಣನಾದರೂ ಕುದುರೆಯ ಗೆಲುವಿನ ಸಾಧ್ಯತೆಯನ್ನು ಸ್ವಲ್ಪ ಮಾತ್ರ ಏರಿಸಬಲ್ಲ. ಇಳಿಸುವುದಾದರೆ ಸೊನ್ನೆಗೇ ಇಳಿಸಬಲ್ಲ. ಗೇಟಿನಲ್ಲಿ ಒಂದು ಕ್ಷಣ ತಡ, ತಿರುವಿನಲ್ಲಿ ಬೇಕೆಂದೇ ಹೊರಗೆ, ಮುಂದೆ ಗೋಡೆಯಂತೆ ನಿಂತ ಕುದುರೆಗಳ ಹಿಂದೆ ಸಿಕ್ಕಿಕೊಂಡಂತೆ ನಟನೆ. ಹೊರಗಿನವರಿಗೆ ಅದು ದುರದೃಷ್ಟವಾಗಿಯೇ ಕಾಣುತ್ತದೆ. ಇದಕ್ಕಾಗಿಯೇ ಜಾಕಿಗಳು ಪಣ ಕಟ್ಟುವಂತಿಲ್ಲ. ಓಟದ ಮೊದಲು ಮತ್ತು ಆಮೇಲೆ ಜೀನು ಸಮೇತ ತೂಗುತ್ತಾರೆ. ರೇಸಿನ ಮೇಲ್ವಿಚಾರಕರಾದ ಸ್ಟೀವರ್ಡ್‌ಗಳು ಹಲವು ಕೋನದ ವಿಡಿಯೋ ನೋಡಿ, ಕುದುರೆಯನ್ನು ಪೂರ್ತಿ ಓಡಿಸಲಿಲ್ಲ ಅನ್ನಿಸಿದರೆ ವಿಚಾರಣೆ ಮಾಡಿ ಸಸ್ಪೆಂಡ್ ಮಾಡುತ್ತಾರೆ. ಪ್ರಾಮಾಣಿಕ ಜಾಕಿಗಳೇ ಹೆಚ್ಚು. ದಿನಾ ಹಸಿದು ತೂಕ ಕಾಯ್ದುಕೊಂಡು, ಆಂಬುಲೆನ್ಸ್ ಹಿಂದೆಯೇ ಓಡಿಬರುವ ಕೆಲಸ ಮಾಡುವವರು ಅವರು. ಆದರೆ ಲೆಕ್ಕವಿಲ್ಲದ ಹಣ ಎಲ್ಲಿ ಹೆಚ್ಚುತ್ತದೋ ಅಲ್ಲಿ ಸೋಲನ್ನು ಕೊಂಡುಕೊಳ್ಳುವ ಆಸೆಯೂ ಹೆಚ್ಚುತ್ತದೆ. ಕಾರವಾರದಲ್ಲೋ ಹೊನ್ನಾವರದಲ್ಲೋ ಕೂತು ಹಾಕುವವನಿಗೆ ಆ ವಿಡಿಯೋ ಕೋನಗಳೂ ಕಾಣುವುದಿಲ್ಲ, ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲಿ ಕುದುರೆ ಬೆವರುತ್ತಿತ್ತೋ ಕುಂಟುತ್ತಿತ್ತೋ ಅದೂ ಕಾಣುವುದಿಲ್ಲ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಹೆಚ್ಚಾಗಿ ಗೊತ್ತಿಲ್ಲ. 1996ರ ತೀರ್ಪಿನ ರಕ್ಷಣೆ ಇದೆ ಎಂದು ನಂಬಿ ಫೋನಿನಲ್ಲಿ ಹಾಕುವವರು, ಆ ರಕ್ಷಣೆ ಲೈಸೆನ್ಸ್ ಇರುವ ರೇಸ್‌ಕೋರ್ಸಿನ ವ್ಯವಹಾರಕ್ಕೆ ಮಾತ್ರ ಎಂಬುದನ್ನು ಮರೆಯುತ್ತಾರೆ. ಬುಕ್ಕಿ ಗೆದ್ದ ಹಣ ಕೊಡದೆ ನಂಬರ್ ಬ್ಲಾಕ್ ಮಾಡಿದರೆ ಹೋಗಿ ಕೇಳಲು ಜಾಗವಿಲ್ಲ. 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದವೇ ಅಸಿಂಧು, ಗೆದ್ದದ್ದು ಕೊಡಿಸಿ ಎಂದು ದಾವೆ ಹೂಡಲು ಬರುವುದಿಲ್ಲ. ಅದೇ ಕಲಮಿನಲ್ಲಿ ಕುದುರೆ ರೇಸಿಗೆ ಒಂದು ವಿನಾಯಿತಿ ಇದೆ: ಗೆದ್ದವರಿಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬಹುಮಾನಕ್ಕೆ ಹಣ ಕೂಡಿಸುವ ಒಪ್ಪಂದ ಊರ್ಜಿತ. ಆ ವಿನಾಯಿತಿ ಓಡಿ ಗೆದ್ದವರ ಬಹುಮಾನಕ್ಕೆ, ಅವರ ಮೇಲೆ ದುಡ್ಡು ಹಾಕಿ ಗೆದ್ದವರಿಗಲ್ಲ.